ಹಾಬ್ಸ್ ಮೊದಲಾ, ಲಾಕ್ ಮೊದಲಾ?

ಸರ್ಕಾರ ಹೇಳಿದ್ದನ್ನು ನಾವು ಯಾಕೆ ಕೇಳಬೇಕು? ಈ ಪ್ರಶ್ನೆ ಹಿಡಿದು ಓದಲು ಕೂತರೆ ಯುರೋಪಿನ ಮೂವರು ಹಳೆಯ ತತ್ವಜ್ಞಾನಿಗಳು ಎದುರಾಗುತ್ತಾರೆ: ಹಾಬ್ಸ್, ಲಾಕ್, ರೂಸೋ. ಮೂವರನ್ನೂ ಒಟ್ಟಿಗೆ ಓದಬೇಡಿ, ಸುಮ್ನೆ ತಲೆ ಕೆಡುತ್ತದೆ.

ಹಾಬ್ಸ್‌ನ 'ಲೆವಿಯಾಥನ್' ಬಂದದ್ದು 1651ರಲ್ಲಿ. ಎರಡು ವರ್ಷ ಮುಂಚೆ ಇಂಗ್ಲೆಂಡಿನಲ್ಲಿ ರಾಜನ ತಲೆಯನ್ನೇ ಕಡಿದಿದ್ದರು, ಈತ ಅದಕ್ಕೂ ಮೊದಲೇ ಹೆದರಿ ಪ್ಯಾರಿಸ್‌ಗೆ ಹೋಗಿದ್ದವನು. ಹಾಗಾಗಿ ಪುಸ್ತಕದ ತುಂಬ ಭಯ. ಮೊದಲ ಪುಟದ ಚಿತ್ರ ನೋಡಿ: ಬೆಟ್ಟದಾಚೆ ಎದ್ದು ನಿಂತ ಭಾರೀ ದೊರೆ, ಹತ್ತಿರದಿಂದ ನೋಡಿದರೆ ಅವನ ಮೈಯೆಲ್ಲ ಪುಟ್ಟ ಪುಟ್ಟ ಜನ, ಎಲ್ಲರೂ ನಮಗೆ ಬೆನ್ನು ಹಾಕಿ ಅವನನ್ನೇ ನೋಡುತ್ತಿದ್ದಾರೆ. ನಾವು ನಾವೇ ಕೊಂದುಕೊಳ್ಳುವ ಬದಲು ಎಲ್ಲ ಅಧಿಕಾರ ಒಂದು ಕೈಗೆ ಕೊಟ್ಟುಬಿಡೋಣ ಎಂದು ಜನ ತಮ್ಮೊಳಗೆ ಒಪ್ಪಂದ ಮಾಡಿಕೊಳ್ಳುತ್ತಾರೆ ಅನ್ನುವುದೇ ವಾದ. ತಮಾಷೆ ಅಂದರೆ, ಒಪ್ಪಂದ ಮಾಡಿಕೊಂಡಿದ್ದೇ ಜೀವ ಉಳಿಸಿಕೊಳ್ಳಲು, ಅದಕ್ಕೇ ಕೊಲ್ಲಲು ಬಂದ ದೊರೆಯನ್ನು ತಡೆದರೆ ತಪ್ಪಿಲ್ಲ ಎಂದೂ ಅವನೇ ಬರೆಯುತ್ತಾನೆ.

ಲಾಕ್ ('ಸರ್ಕಾರದ ಬಗ್ಗೆ ಎರಡು ಪ್ರಬಂಧಗಳು', 1689) ತಣ್ಣಗಿನ ಮನುಷ್ಯ. ಜೀವ, ಸ್ವಾತಂತ್ರ್ಯ, ಆಸ್ತಿ ಕಾಯುವುದಕ್ಕೇ ಸರ್ಕಾರ, ಕಾಯದಿದ್ದರೆ ಇಳಿಸಬಹುದು. ನನಗೆ ಇವನೇ ಜಾಸ್ತಿ ಇಷ್ಟ. ಆದರೆ ಈ ಸರ್ಕಾರಕ್ಕೆ ನಾನು ಯಾವಾಗ ಒಪ್ಪಿದೆ ಎಂದು ಕೇಳಿದರೆ, ಹೆದ್ದಾರಿಯಲ್ಲಿ ಓಡಾಡಿದರೂ ಸಾಕು, ಬಾಯಿಬಿಡದೆ ಒಪ್ಪಿದ ಹಾಗೆ ಎನ್ನುತ್ತಾನೆ. ರಸ್ತೆ ಬಿಟ್ಟು ಎಲ್ಲಿ ನಡೆಯೋದು, ಅಲ್ವಾ?

ರೂಸೋ ('ಸಾಮಾಜಿಕ ಒಪ್ಪಂದ', 1762) ಆಮೇಲೆ. ಚೆಂದ ಬರೆಯುತ್ತಾನೆ, ಆದರೆ ಇಡೀ ಸಮಾಜದ ಒಳಿತು ಬಯಸುವ ಅವನ 'ಸಾರ್ವತ್ರಿಕ ಇಚ್ಛೆ' ಅಂದರೆ ನಿಜಕ್ಕೂ ಏನು ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಸಮಯ ಕಡಿಮೆಯಿದ್ದರೆ ಲಾಕ್‌ನ ಎರಡನೇ ಪ್ರಬಂಧ ಹಿಡಿಯಿರಿ. ಹಾಬ್ಸ್‌ನಲ್ಲಿ 13ನೇ ಅಧ್ಯಾಯ ಸಾಕು, ಒಂದೇ ಸಂಜೆಯಲ್ಲಿ ಮುಗಿಯುತ್ತದೆ.