ಮಗಳ ಕಣ್ಣಿಗೆ ಹಾಕಿದ ಪ್ಯಾಚ್: ಟೈಲರ್ ಒಬ್ಬನ ರಿವ್ಯೂ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಮಗುವಿನ ಸೋಮಾರಿ ಕಣ್ಣು ಸರಿಯಾಗಲು ಚೆನ್ನಾಗಿರುವ ಕಣ್ಣಿಗೆ ಪ್ಯಾಚ್ ಹಾಕಿ ಅಂತ ಡಾಕ್ಟರ್ ಹೇಳಿದ್ದರೆ ಚರ್ಮಕ್ಕೆ ಅಂಟುವ ಪ್ಯಾಚನ್ನೇ ಕೊಳ್ಳಿ. ಕನ್ನಡಕಕ್ಕೆ ತೂರಿಸುವ ಬಟ್ಟೆ ಪ್ಯಾಚ್ ನೋಡಲು ಚಂದ. ಒಗೆದು ಮತ್ತೆ ಬಳಸಬಹುದು, ದುಡ್ಡೂ ಉಳಿಯುತ್ತದೆ. ಆದರೆ ಮೂಗಿನ ಪಕ್ಕದ ಸಂದಿಯಿಂದ ಮಗು ಇಣುಕುತ್ತದೆ. ಇಣುಕಿದರೆ ಮುಗಿಯಿತು, ಹಾಕಿಯೂ ಹಾಕದ ಹಾಗೆ.

ನಾನು ತಿಪಟೂರಿನಲ್ಲಿ ಟೈಲರ್. ಬಟ್ಟೆ, ಎಲಾಸ್ಟಿಕ್, ಹೊಲಿಗೆ ವಿಷಯದಲ್ಲಿ ನನ್ನ ಮಾತು ನಂಬಬಹುದು. ಕಣ್ಣಿನ ವಿಷಯದಲ್ಲಿ ಡಾಕ್ಟರ್ ಹೇಳಿದ್ದನ್ನು ಹೇಳುತ್ತೇನೆ, ಅಷ್ಟೇ.

ಮಗಳಿಗೆ ಆರು ವರ್ಷ. ಮೆಳ್ಳೆಗಣ್ಣಿಲ್ಲ, ತಲೆನೋವು ಅಂದವಳಲ್ಲ, ಟಿವಿ ಹತ್ತಿರ ಹೋಗಿ ಕೂರುವವಳೂ ಅಲ್ಲ. ಶಾಲೆಗೆ ಬಂದ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡದವರು ಒಂದೊಂದೇ ಕಣ್ಣು ಮುಚ್ಚಿಸಿ ಅಕ್ಷರ ಓದಿಸಿದರು. ಆಗಲೇ ಎಡಗಣ್ಣು ಸಿಕ್ಕಿಬಿದ್ದದ್ದು. ಊರಿನ ಒಂದು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆ. ಮೆಷಿನ್ ಮೇಲೆ ಗಲ್ಲ ಇಡಿಸಿ, ಐದೇ ನಿಮಿಷದಲ್ಲಿ ಎಡಕ್ಕೆ ಪ್ಲಸ್ 1 ಅಂತ ಚೀಟಿ ಬರೆದುಕೊಟ್ಟರು. ತುಮಕೂರಿನ ಕಣ್ಣಾಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿ, ಕಾಯಿಸಿ, ಆಮೇಲೆ ನೋಡಿದರೆ ಪ್ಲಸ್ 4.5! ಮಕ್ಕಳ ಕಣ್ಣಿನೊಳಗಿನ ಸ್ನಾಯು ಬಿಗಿ ಹಿಡಿದು ಪ್ಲಸ್ ನಂಬರನ್ನು ಮುಚ್ಚಿಡುತ್ತದಂತೆ. ಡ್ರಾಪ್ಸ್ ಹಾಕಿದರೆ ಅದು ಸಡಿಲವಾಗುತ್ತದೆ. ಉರಿಯುತ್ತದೆ, ಮಗು ಅಳುತ್ತದೆ, ಅವತ್ತೆಲ್ಲ ಬಿಸಿಲಿಗೆ ಕಣ್ಣು ಬಿಡಲು ಆಗುವುದಿಲ್ಲ. ಆದರೂ ಡ್ರಾಪ್ಸ್ ಹಾಕದೆ ಇಷ್ಟು ಚಿಕ್ಕ ಮಗುವಿಗೆ ಬರೆದ ನಂಬರಿಗೆ ನಾನಂತೂ ಕಾಸು ಕೊಡುವುದಿಲ್ಲ.

ಅಂಗಡಿಯಲ್ಲಿ ಎರಡು ಹೊಲಿಗೆ ಮಿಷನ್ ಇದ್ದು ಒಂದು ನಯವಾಗಿ ಓಡಿದರೆ ಎಲ್ಲ ಕೆಲಸವೂ ಅದಕ್ಕೇ ಹೋಗುತ್ತದೆ, ಇನ್ನೊಂದು ತುಕ್ಕು ಹಿಡಿಯುತ್ತದೆ. ಮಿದುಳೂ ಹೀಗೇ ಮಾಡುತ್ತದೆ. ಮಸುಕು ಚಿತ್ರ ಕಳಿಸುವ ಕಣ್ಣನ್ನು ಕೇಳುವುದನ್ನೇ ಬಿಡುತ್ತದೆ. ಆಮೇಲೆ ಕನ್ನಡಕ ಹಾಕಿದರೂ ಆ ಕಣ್ಣಿಗೆ ಪೂರ್ತಿ ಕಾಣುವುದಿಲ್ಲ. ಇದೇ ಸೋಮಾರಿ ಕಣ್ಣು. ಏಳೆಂಟು ವರ್ಷದ ಒಳಗೆ ಹಿಡಿದರೆ ಸರಿ ಮಾಡುವುದು ಸುಲಭ. ನಂತರವೂ ಒಂದಷ್ಟು ಸುಧಾರಿಸಬಹುದು, ಆದರೆ ಕಷ್ಟ ಜಾಸ್ತಿ.

ಮೊದಲು ಬರೀ ಕನ್ನಡಕ ಕೊಟ್ಟರು. ಕೆಲವು ತಿಂಗಳಲ್ಲಿ ಎಡಗಣ್ಣಿನ ನೋಟ 6/36 ಇದ್ದದ್ದು 6/24ಕ್ಕೆ ಬಂತು (ಸರಿಯಾದ ನೋಟ 6/6, ಕೆಳಗಿನ ಅಂಕಿ ದೊಡ್ಡದಾದಷ್ಟೂ ಮಂದ). ಕೆಲವು ಮಕ್ಕಳಿಗೆ ಇಷ್ಟರಲ್ಲೇ ಸರಿಹೋಗುತ್ತದಂತೆ. ನಮ್ಮವಳಿಗೆ ಅಲ್ಲಿಗೇ ನಿಂತಿತು. ಆಗ ಬಂತು ಪ್ಯಾಚ್, ಬಲಗಣ್ಣಿಗೆ, ದಿನಕ್ಕೆ 2 ಗಂಟೆ. "ಚೆನ್ನಾಗಿರೋ ಕಣ್ಣನ್ನೇ ಯಾಕಪ್ಪ ಮುಚ್ತೀಯ?" ಅಂತ ನಮ್ಮಮ್ಮ ಗಲಾಟೆ ಮಾಡಿದರು. ಎಡಗಣ್ಣಿಗೆ ಕೆಲಸ ಬೀಳಬೇಕು, ಅದಕ್ಕೇ. ಬರೀ ಎರಡು ಗಂಟೆ ಸಾಕಾ ಅಂತ ನಾನೂ ಕೇಳಿದೆ. ಮಧ್ಯಮ ಮಟ್ಟದ ತೊಂದರೆಗೆ 2 ಗಂಟೆ ಹಾಕಿದ ಮಕ್ಕಳೂ 6 ಗಂಟೆ ಹಾಕಿದ ಮಕ್ಕಳೂ ಒಂದೇ ಸಮ ಸುಧಾರಿಸಿದರು ಅಂತ ಅಮೆರಿಕದ ಅಧ್ಯಯನವೊಂದು 2003ರಲ್ಲೇ ತೋರಿಸಿದೆ. ಮಗು ಜಾಸ್ತಿ ಹೊತ್ತು ಮುಚ್ಚಿಕೊಂಡರೆ ಜಾಸ್ತಿ ಲಾಭ ಅಂತ ನೀವೇ ಲೆಕ್ಕ ಹಾಕಬೇಡಿ. ಮಿತಿ ಮೀರಿದರೆ ಮುಚ್ಚಿದ ಕಣ್ಣೇ ಮಂಕಾಗುವ ಅಪಾಯವಿದೆ. ಡಾಕ್ಟರಿಗೆ ತೋರಿಸದೆ ಸುಮ್ನೆ ಆನ್‌ಲೈನಲ್ಲಿ ತರಿಸಿ ಹಾಕುವವರಿಗೆ ಇದನ್ನೇ ಹೇಳಬೇಕು.

ಇನ್ನು ಮಾಲಿನ ವಿಷಯ. ಅಂಟು ಪ್ಯಾಚ್ ನನಗೆ ಒಂದಕ್ಕೆ 18 ರೂಪಾಯಿ ಬಿತ್ತು. ದಿನಕ್ಕೊಂದು ಬೇಕು, ಲೆಕ್ಕ ಹಾಕಿಕೊಳ್ಳಿ. ಒಳಗೆ ಮೆತ್ತನೆ ಪದರ, ಸುತ್ತ ಅಂಟು, ಮೇಲೆ ಚಿಟ್ಟೆ, ಆನೆ ಚಿತ್ರ. ಚಿತ್ರ ಇರುವುದನ್ನೇ ತನ್ನಿ, ಬೆಳಿಗ್ಗೆಯ ಜಗಳ ಅರ್ಧ ಕಮ್ಮಿಯಾಗುತ್ತದೆ. ಚೂಪು ತುದಿ ಮೂಗಿನ ಕಡೆಗೆ ಬರಬೇಕು, ಕನ್ನಡಕ ಅದರ ಮೇಲೆ. ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಹಿಡಿಯುವುದೇ ಇಲ್ಲ. ತಿಪಟೂರಿನಲ್ಲಿ ಎಣ್ಣೆ ಹಚ್ಚದ ಮಗು ಹುಡುಕುವುದು ಕಷ್ಟ ಬಿಡಿ. ದೊಡ್ಡ ದೂರು ಕೀಳುವಾಗಿನದು. ಹುಬ್ಬಿನ ಕೂದಲು ಕಿತ್ತು ಬರುತ್ತದೆ, ಚರ್ಮ ಕೆಂಪಾಗುತ್ತದೆ. ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ನಿಧಾನಕ್ಕೆ ಬಿಡಿಸಿದರೆ ಪರವಾಗಿಲ್ಲ. ಐದಕ್ಕೆ ನಾಲ್ಕು ಅಂಕ.

ಬಟ್ಟೆ ಪ್ಯಾಚಿಗೆ ಎರಡೇ. ತಂದದ್ದರ ಅಂಚಿನ ಹೊಲಿಗೆ ಒಂದೇ ಒಗೆತಕ್ಕೆ ಬಿಚ್ಚಿತು. ನಾನೇ ಫೆಲ್ಟ್ ಬಟ್ಟೆಗೆ ಕಾಟನ್ ಅಸ್ತರ್ ಕೊಟ್ಟು, ಮೂಗಿನ ಕಡೆ ಅಗಲ ಬಿಟ್ಟು ಹೊಲಿದೆ. ಬೆಳಕೇನೋ ನಿಂತಿತು, ಆದರೆ ಅವಳು ಕನ್ನಡಕವನ್ನೇ ಮೂಗಿನ ತುದಿಗೆ ಜಾರಿಸಿ ಮೇಲಿಂದ ನೋಡಲು ಶುರು ಮಾಡಿದಳು. ಅಂಟಿಗೆ ಗುಳ್ಳೆ ಏಳುವ ಮಕ್ಕಳಿಗೆ, ಹೇಳಿದ ಮಾತು ಕೇಳುವ ದೊಡ್ಡ ಮಕ್ಕಳಿಗೆ ಇದು ಸರಿಹೋದೀತು. ಪ್ಯಾಚ್ ಬೇಡವೇ ಬೇಡ ಅನ್ನುವ ಮಕ್ಕಳಿಗೆ ಚೆನ್ನಾಗಿರುವ ಕಣ್ಣಿಗೆ ಅಟ್ರೋಪಿನ್ ಡ್ರಾಪ್ಸ್ ಹಾಕಿ ಮಸುಕು ಮಾಡುವ ದಾರಿಯೂ ಇದೆ. ಅದನ್ನು ಡಾಕ್ಟರೇ ಹೇಳಬೇಕು.

ಆ ಎರಡು ಗಂಟೆ ಹತ್ತಿರದ ಕೆಲಸ ಕೊಡಿ ಅಂದಿದ್ದರು. ನನ್ನ ಅಂಗಡಿಯಲ್ಲಿ ಅದಕ್ಕೇನು ಬರ? ಗುಂಡಿ ಡಬ್ಬ ಸುರಿದು, ಎರಡು ತೂತಿನದು, ನಾಲ್ಕು ತೂತಿನದು ಬೇರೆ ಮಾಡಿಸಿದೆ. ಮಣಿ ಪೋಣಿಸಿದಳು. ಶುರುವಿನಲ್ಲಿ ಅತ್ತು ಡಬ್ಬ ಒದ್ದಳು. ಈಗ ದಪ್ಪ ಸೂಜಿಗೆ ದಾರ ಹಾಕುತ್ತಾಳೆ. ಹೋದ ಸಲ ಎಡಗಣ್ಣು 6/9 ಬಂತು. ತಂಪು ಕನ್ನಡಕದ ಹಾಗಿರುವ ಪೋಲರಾಯ್ಡ್ ಕನ್ನಡಕ ಹಾಕಿಸಿ ಪುಸ್ತಕದಲ್ಲಿ ದೊಡ್ಡ ನೊಣ ತೋರಿಸುತ್ತಾರೆ, ಎರಡೂ ಕಣ್ಣು ಕೂಡಿ ನೋಡಿದರೆ ಅದು ಎದ್ದು ನಿಂತ ಹಾಗೆ ಕಾಣುತ್ತದೆ. ರೆಕ್ಕೆ ಹಿಡಿ ಅಂದರೆ ಗಾಳಿಯಲ್ಲಿ ಬೆರಳು ಹಾಕಿ "ಥೂ" ಅಂದಳು!

ಮನೆಯವರೆಲ್ಲ ಕಣ್ಣು ತೋರಿಸಿಕೊಳ್ಳಿ ಅಂತ ಡಾಕ್ಟರ್ ಅಂದದ್ದಕ್ಕೆ ನನ್ನ ಅಣ್ಣನನ್ನೂ ಕರೆದುಕೊಂಡು ಹೋಗಿದ್ದೆ. ಅವನಿಗೆ 42. ಸೇನೆಗೆ ಸೇರಲು ಹೋದಾಗ ಒಂದು ಕಣ್ಣು ಮಂದ ಅಂತ ವಾಪಸ್ ಕಳಿಸಿದ್ದರು. ಅದೂ ಇದೇ ತೊಂದರೆ. ನನಗೂ ಪ್ಯಾಚ್ ಹಾಕಿ ಅಂದ. ಈ ವಯಸ್ಸಿಗೆ ಅದರಿಂದ ಹೆಚ್ಚೇನೂ ನಿರೀಕ್ಷಿಸಬೇಡಿ, ಇರುವ ಒಳ್ಳೆಯ ಕಣ್ಣು ಕಾಪಾಡಿಕೊಳ್ಳಿ ಅಂದರು. ಅವನು ಕಾಯಿ ಸುಲಿಯುವವನು. ನಾರು, ಚೂರು ಹಾರುವ ಕೆಲಸ. ನಂಬರ್ ಇರಲಿ, ಇಲ್ಲದಿರಲಿ, ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಕನ್ನಡಕ ಹಾಕಿಕೊಂಡೇ ಮಾಡಬೇಕಂತೆ. ಒಂದು ವಾರ ಗೊಣಗಿದ, ಈಗ ಹಾಕುತ್ತಾನೆ.

ಮಗಳಿಗೆ ಪ್ಯಾಚ್ ಒಂದೇ ಸಲ ನಿಲ್ಲಿಸುತ್ತಿಲ್ಲ, ಹೊತ್ತು ಕಮ್ಮಿ ಮಾಡುತ್ತಿದ್ದೇವೆ. ನಿಲ್ಲಿಸಿದ ಒಂದು ವರ್ಷದೊಳಗೆ ಸುಮಾರು ಕಾಲು ಭಾಗ ಮಕ್ಕಳಲ್ಲಿ ನೋಟ ಮತ್ತೆ ಇಳಿಯುತ್ತದಂತೆ. ಕೊಳ್ಳುವವರಿಗೆ ಇನ್ನೊಂದು ಮಾತು: ಅಂಟು ಪ್ಯಾಚಿನಲ್ಲಿ ಸಣ್ಣ ಸೈಜು, ದೊಡ್ಡ ಸೈಜು ಎರಡಿವೆ. ಮೊದಲು ಒಂದೆರಡು ಬಿಡಿ ಪ್ಯಾಚ್ ಕೇಳಿ ಪಡೆದು ಮುಖಕ್ಕೆ ಹಿಡಿದು ನೋಡಿ, ಆಮೇಲೆ ಡಬ್ಬಿ ತನ್ನಿ.