ಚೈನೀಸ್ ಟೆಕ್ಸ್ಟ್ ಪ್ರಾಜೆಕ್ಟ್: ಹಳೆಯ ಚೀನೀ ಕಾವ್ಯಪ್ರಕಾರಗಳನ್ನು ಅಕ್ಕಪಕ್ಕ ಇಟ್ಟು ಓದುವವರಿಗೆ

ಷಿ (ಷಿಜಿಂಗ್ ಎಂಬ ಹಳೆಯ ಸಂಕಲನದಲ್ಲಿರುವಂಥ ಹಾಡುಗವನ), ಸಾವ್ (ಕವಿ ಚ್ಯು ಯುವಾನನ ದೀರ್ಘಕವಿತೆ ಲಿಸಾವ್‌ನ ಮಾದರಿ), ಫೂ (ವರ್ಣನೆಗೆ ಹೆಸರಾದ, ಪದ್ಯ-ಗದ್ಯ ಬೆರೆತ ಪ್ರಕಾರ). ಪ್ರಾಚೀನ ಚೀನೀ ಕಾವ್ಯದ ಪರಿಚಯ ಪುಸ್ತಕಗಳು ಸಾಮಾನ್ಯವಾಗಿ ಇವಕ್ಕೆ ಒಂದೊಂದು ಅಧ್ಯಾಯ ಕೊಟ್ಟು ಮುಂದೆ ಹೋಗುತ್ತವೆ. ಒಂದರೊಳಗೆ ಇನ್ನೊಂದು ಎಷ್ಟು ಬೆರೆತಿದೆ ಎಂಬುದು ಮೂಲಪಾಠಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗಲೇ ಕಾಣುವುದು. ಡೊನಾಲ್ಡ್ ಸ್ಟರ್ಜನ್ ರೂಪಿಸಿದ ಚೈನೀಸ್ ಟೆಕ್ಸ್ಟ್ ಪ್ರಾಜೆಕ್ಟ್ ಎಂಬ ಜಾಲತಾಣ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಓದಲು, ಹುಡುಕಲು ದುಡ್ಡು ಕೊಡಬೇಕಿಲ್ಲ.

ಇದರ ಉಪಯೋಗ ತಿಳಿಯಬೇಕೆಂದರೆ ಹಾನ್ ಕಾಲದ ಕವಿ ಜಿಯಾ ಯಿ ಬರೆದ ಗೂಬೆಯ ಫೂ ತೆರೆಯಿರಿ. ಕ್ರಿ.ಪೂ. 2ನೇ ಶತಮಾನದ ಕೃತಿ. ಚಾಂಗ್‌ಷಾದಲ್ಲಿದ್ದ ಕವಿಯ ಮನೆಗೆ ಗೂಬೆ ಬಂದು ಕೂತ ಪ್ರಸಂಗ. ತಾಣದಲ್ಲಿ ಕ್ವಿನ್-ಪೂರ್ವ ಮತ್ತು ಹಾನ್ ರಾಜವಂಶದ ಕಾಲದ ವಿಭಾಗದ ಚರಿತ್ರೆಗಳ ಪಟ್ಟಿಯಲ್ಲಿ ಸಿಮಾ ಚಿಯೆನ್ ಬರೆದ ಇತಿಹಾಸಗ್ರಂಥ ಷಿಜಿ, ಅದರ ಜೀವನಚರಿತ್ರೆಗಳ ಭಾಗದಲ್ಲಿ ಚ್ಯು ಯುವಾನ್ ಮತ್ತು ಜಿಯಾ ಯಿ ಇಬ್ಬರಿಗೂ ಸೇರಿದ 84ನೇ ಅಧ್ಯಾಯ. ಇನ್ನೊಂದು ಟ್ಯಾಬಿನಲ್ಲಿ ಹಾನ್ ರಾಜವಂಶದ ಇತಿಹಾಸವಾದ ಹಾನ್‌ಷು 48, ಜಿಯಾ ಯಿ ಚರಿತ್ರೆ. ಷಿಜಿಯಲ್ಲಿ ನಾಲ್ಕು ಅಕ್ಷರ ಮುಗಿದ ಮೇಲೆ "ಶೀ" ಎಂಬ ಎಳೆತದ ಅಕ್ಷರ, ಆಮೇಲೆ ಮತ್ತೆ ನಾಲ್ಕು ಅಕ್ಷರ. ಇದು ಚುತ್ಸಿ ಸಂಕಲನದ, ಅಂದರೆ ಚೂ ನಾಡಿನ ಹಾಡುಗಳ ಗುರುತು. ಹಾನ್‌ಷುವಿನಲ್ಲಿ ಅದೇ ಸಾಲುಗಳಿವೆ, "ಶೀ" ಮಾತ್ರ ಇಲ್ಲ. ಉಳಿದದ್ದು ನಾಲ್ಕು-ನಾಲ್ಕರ ನಡೆ. ಕಿವಿಗೆ ಥೇಟ್ ಷಿಜಿಂಗ್. ಒಂದು ಅಕ್ಷರ ಬಿಟ್ಟುಹೋದದ್ದಕ್ಕೆ ಫೂ ಒಂದು ಚೂ ಹಾಡಿನ ಕಡೆಯಿಂದ ಷಿ ಕಡೆಗೆ ವಾಲಿಬಿಟ್ಟಿದೆ. ಇದನ್ನು ಯಾವ ವ್ಯಾಖ್ಯಾನವೂ ಇಷ್ಟು ಚೆನ್ನಾಗಿ ಹೇಳಿಕೊಡಲಾರದು.

ಅದೇ ಅಧ್ಯಾಯದಲ್ಲಿ ಜಿಯಾ ಯಿ ಚ್ಯು ಯುವಾನನಿಗಾಗಿ ಬರೆದ ಶೋಕಗೀತೆಯೂ ಇದೆ. ಅದನ್ನು ಸಿಮಾ ಚಿಯೆನ್ ಫೂ ಎನ್ನುತ್ತಾನೆ. 6ನೇ ಶತಮಾನದ ಸಾಹಿತ್ಯ ಸಂಕಲನ ವೆನ್‌ಶುವಾನ್ ಅದನ್ನು ಫೂಗಳ ಸಾಲಿನಿಂದ ಎತ್ತಿ ಕೊನೆಯ, ಅಂದರೆ 60ನೇ ಸಂಪುಟದ ಶೋಕಬರಹಗಳ ಜೊತೆ ಇಟ್ಟಿದೆ. ಇನ್ನು ಚ್ಯು ಯುವಾನನ ಕೃತಿಗಳನ್ನೇ ಹಾನ್‌ಷುವಿನ 30ನೇ ಅಧ್ಯಾಯದ ಗ್ರಂಥಸೂಚಿ "ಚ್ಯು ಯುವಾನನ ಫೂ, 25" ಎಂದು ದಾಖಲಿಸುತ್ತದೆ. ವೆನ್‌ಶುವಾನ್ ಲಿಸಾವ್‌ಗೆ "ಸಾವ್" ಎಂಬ ಬೇರೆ ವರ್ಗವನ್ನೇ ಮಾಡಿದೆ. ಹಾಗಾಗಿ ಈ ತಾಣದ ಎಡಬದಿಯ ಪಟ್ಟಿಯನ್ನು ನೋಡಿ ಪ್ರಕಾರ ನಿರ್ಧರಿಸಬೇಡಿ. ಅಲ್ಲಿ ಷಿಜಿಂಗ್, ಚುತ್ಸಿ ಎರಡೂ ಪ್ರಾಚೀನ ಶ್ರೇಷ್ಠಗ್ರಂಥಗಳ ಕೆಳಗಿವೆ. ಫೂ ಎಂಬ ಹೆಸರಿನ ಅಧ್ಯಾಯವೇ ಇರುವ ಚಿಂತನಗ್ರಂಥ ಶುನ್‌ಜಿ ಕನ್‌ಫ್ಯೂಷಿಯನ್ ಗ್ರಂಥಗಳ ನಡುವೆ ಕೂತಿದೆ. ಅದನ್ನು ತಪ್ಪಿಸಿಕೊಂಡರೆ ಮೋಡ, ರೇಷ್ಮೆಹುಳು, ಸೂಜಿಯ ಮೇಲಿನ ಒಗಟುಗಳಾಗಿ ಫೂ ಇದ್ದ ಕಾಲವೇ ತಪ್ಪಿಹೋಗುತ್ತದೆ.

ಪ್ಯಾರಾದ ಪಕ್ಕದ ಸಮಾನ ಭಾಗಗಳ ಗುಂಡಿ ಒತ್ತಿದರೆ ಬೇರೆ ಗ್ರಂಥಗಳಲ್ಲಿರುವ ಹೋಲುವ ಸಾಲುಗಳು ಸಿಗುತ್ತವೆ. ಷಿಜಿಂಗ್‌ನ ಉದ್ಧರಣೆಗಳನ್ನು ಹಿಂಬಾಲಿಸಲು ಇದು ಅತ್ಯುತ್ತಮ. ಆದರೆ ಇದು ಹಿಡಿಯುವುದು ಅಕ್ಷರಗಳ ಹೋಲಿಕೆಯನ್ನು. ಲಯ, ವಸ್ತು, ಪ್ರವಾಸದ ಚೌಕಟ್ಟು ಹೋಲುವ ಕಡೆ ಏನೂ ತೋರಿಸದು. ಲಿಸಾವ್ ಹಾನ್ ಕಾಲದ ಫೂಗಳಿಗೆ ಕೊಟ್ಟದ್ದರಲ್ಲಿ ಹೆಚ್ಚಿನದು ಅಂಥದ್ದೇ. "ಶೀ" ಹುಡುಕುವಾಗಲೂ ಜಾಗ್ರತೆ ಬೇಕು. ಫಲಿತಾಂಶದಲ್ಲಿ ಬರುವ ಪ್ಯಾರಾಗಳ ಲೆಕ್ಕವನ್ನು ಸಾಲುಗಳ ಲೆಕ್ಕ ಎಂದುಕೊಳ್ಳಬೇಡಿ. ಷಿಜಿಂಗ್‌ನ ಒಂದು ಚಿಕ್ಕ ನುಡಿಗೂ ಉದ್ದನೆಯ ಫೂ ಭಾಗಕ್ಕೂ ಒಂದೇ ಅಂಕ ಬಿದ್ದರೆ ಹೋಲಿಕೆ ಕೆಟ್ಟಿತು. ಪಾಠ ತೆರೆದು ಜಾಗ ನೋಡಲೇಬೇಕು: ಲಿಸಾವ್‌ನಲ್ಲಿ "ಶೀ" ಬರುವುದು ಜೋಡಿಸಾಲಿನ ಮೊದಲರ್ಧದ ಕೊನೆಗೆ, ಚುತ್ಸಿಯ "ಒಂಬತ್ತು ಹಾಡುಗಳು" ಗುಚ್ಛದಲ್ಲಿ ಸಾಲಿನ ನಡುವೆ.

ಪ್ರಾಸ ನೋಡುವವರಿಗೆ ಒಂದು ಮಾತು. ನಮ್ಮ ಎರಡನೇ ಅಕ್ಷರದ ಪ್ರಾಸವಲ್ಲ ಇದು, ಸಾಲಿನ ತುದಿಯದ್ದು. ಸಾಲು "ಜ್ಹಿ" ಎಂಬ ಪ್ರತ್ಯಯದಂಥ ಅಕ್ಷರದಲ್ಲಿ ಮುಗಿದರೆ ಅದರ ಹಿಂದಿನ ಅಕ್ಷರ ನೋಡಿ. ಷಿಜಿಂಗ್‌ನ ಮೊದಲ ಕವಿತೆ ಗುವಾನ್‌ಜ್ಯುನಲ್ಲಿ "ಲಿಯು ಜ್ಹಿ", "ಚಿಯು ಜ್ಹಿ" ಸಾಲುಗಳು ಹೀಗೇ ಪ್ರಾಸವಾಗುತ್ತವೆ. ತಾಣದ ನಿಘಂಟು ರೋಮನ್ ಅಕ್ಷರಗಳಲ್ಲಿ ಕೊಡುವ ಪಿನ್‌ಯಿನ್ ಇಂದಿನ ಉಚ್ಚಾರ; ಅದೇ ಕವಿತೆಯ "ದ", "ಫು", "ತ್ಸ" ಅದರ ಪ್ರಕಾರ ಕೂಡುವುದೇ ಇಲ್ಲ, ಪ್ರಾಚೀನ ಉಚ್ಚಾರದಲ್ಲಿ ಸರಿಯಾಗಿ ಕೂಡುತ್ತವೆ. ಪಿನ್‌ಯಿನ್ ನಂಬಿ "ಇಲ್ಲಿ ಪ್ರಾಸ ಮುರಿದಿದೆ, ಇದು ಗದ್ಯದ ಭಾಗ" ಎಂದು ಫೂಗಳಲ್ಲಿ ಗೆರೆ ಎಳೆಯುವುದು ಹೊಸಬರ ಸಾಮಾನ್ಯ ತಪ್ಪು.

ಷಿಜಿಂಗ್‌ಗೆ ಜೇಮ್ಸ್ ಲೆಗ್ ಅವರ ಇಂಗ್ಲಿಷ್ ಅನುವಾದ ಪಕ್ಕದಲ್ಲೇ ಇದೆ, 19ನೇ ಶತಮಾನದ್ದು, ಇಂದಿಗೂ ಉಪಯುಕ್ತ. ಚುತ್ಸಿಗೆ ಆ ಸೌಕರ್ಯವಿಲ್ಲ. ಚೀನೀ ಓದಲು ಬಾರದವರಿಗೆ ಇದೇ ದೊಡ್ಡ ಕೊರತೆ, ಮುದ್ರಿತ ಅನುವಾದ ಜೊತೆಗಿರಲೇಬೇಕು. ವಿಕಿ ವಿಭಾಗದ ಪಾಠಗಳಲ್ಲಿ ಯಂತ್ರ ಓದಿ ಅಕ್ಷರ ಮಾಡಿದವು ಬಹಳ, ತಪ್ಪುಗಳಿರುತ್ತವೆ. ಫೂಗಳಲ್ಲಿ ಗಿಡ, ಹಕ್ಕಿ, ಕಲ್ಲುಗಳ ಅಪರೂಪದ ಹೆಸರುಗಳು ಸಾಲುಗಟ್ಟಿ ಬರುವುದರಿಂದ ಎಡವಟ್ಟಾಗುವುದೂ ಅಲ್ಲೇ ಹೆಚ್ಚು. ಉದ್ಧರಿಸುವ ಮುನ್ನ ಸ್ಕ್ಯಾನ್ ಪುಟ ಜೋಡಿಸಿದ್ದರೆ ತೆರೆದು ತಾಳೆ ನೋಡಿ. ಪಾಠಗಳನ್ನು ರಾಶಿಯಾಗಿ ಇಳಿಸಿಕೊಳ್ಳುವ ತಂತ್ರಾಂಶ ಬಳಸಿದರೆ ನಿಮ್ಮ ಸಂಪರ್ಕ ತಡೆಯುತ್ತಾರೆ. ಅಂಥ ಕೆಲಸ ಇದ್ದವರು ಸಂಸ್ಥೆಯ ಚಂದಾ ಮೂಲಕ ಎಪಿಐ (ತಂತ್ರಾಂಶ ನೇರವಾಗಿ ಪಾಠಗಳನ್ನು ಕೇಳಿ ಪಡೆಯುವ ವ್ಯವಸ್ಥೆ) ಬಳಸುವುದು ಒಂದು ದಾರಿ.