ಮದ್ಯವೋ ಮಾದಕವೋ: ಯಾವ ಅಧಿಕಾರಿಗೆ ಯಾವ ತರಬೇತಿ?

ಅಮಲಿನಲ್ಲಿ ವಾಹನ ಓಡಿಸುವವರನ್ನು ಗುರುತಿಸಲು ಅಮೆರಿಕದ ಪೊಲೀಸರಿಗೆ ಎಸ್‌ಎಫ್‌ಎಸ್‌ಟಿ (ರಸ್ತೆಬದಿಯ ಪ್ರಮಾಣಿತ ಪರೀಕ್ಷೆಗಳು), ಅರೈಡ್ (ಅಮಲಿನ ಚಾಲನೆ ಪತ್ತೆಯ ಮುಂದುವರಿದ ತರಬೇತಿ), ಡಿಆರ್‌ಇ (ಮಾದಕ ಗುರುತಿಸುವ ತಜ್ಞರ ತರಬೇತಿ) ಎಂಬ ಮೂರು ತರಬೇತಿಗಳಿವೆ. ಮೊದಲನೆಯದು ಮುಖ್ಯವಾಗಿ ಮದ್ಯಕ್ಕೆ: ಕಣ್ಣುಗುಡ್ಡೆಯ ಅದುರಾಟ ನೋಡುವುದು, ಗೆರೆಯ ಮೇಲೆ 9 ಹೆಜ್ಜೆ ನಡೆಸಿ ತಿರುಗಿಸುವುದು, ಒಂಟಿಕಾಲಿನಲ್ಲಿ ನಿಲ್ಲಿಸುವುದು. ಗಸ್ತಿನವರಿಗೆಲ್ಲ ಇದು ಬೇಕೇ ಬೇಕು.

ಡಿಆರ್‌ಇಯ ಆಳವೇ ಬೇರೆ. 12 ಹಂತಗಳ ತಪಾಸಣೆಯಲ್ಲಿ ನಾಡಿ, ರಕ್ತದೊತ್ತಡ, ಕತ್ತಲೆಯಲ್ಲಿ ಕಣ್ಣಪಾಪೆಯ ಗಾತ್ರ ಎಲ್ಲವನ್ನೂ ಅಳೆದು, 7 ಬಗೆಯ ಮಾದಕಗಳಲ್ಲಿ ಯಾವುದೆಂದು ನಿರ್ಧರಿಸಬೇಕು. ಕಾಯಿಲೆಯೇ ಕಾರಣವಿರಬಹುದೇ ಎಂದೂ ಪರಿಶೀಲಿಸಬೇಕು. ಅದರ ದೊಡ್ಡ ಗುಣ ಇದೇ ಎನ್ನುತ್ತೇನೆ. ರಕ್ತದ ಸಕ್ಕರೆ ಕುಸಿದು ತೊದಲುವವನನ್ನು ಕುಡುಕನೆಂದು ಹಿಡಿಯುವುದು ಘೋರ ಅನ್ಯಾಯ. ಆದರೆ ಈ ತರಬೇತಿ ಬಹಳ ಸಮಯ ಬೇಡುತ್ತದೆ.

ಅರೈಡ್ ಇವೆರಡರ ನಡುವಿನ, 16 ಗಂಟೆಗಳ ನಡುದಾರಿ. ಸಿಬ್ಬಂದಿ ಕಡಿಮೆಯಿದ್ದರೆ ಹೆಚ್ಚಿನವರಿಗೆ ಅದನ್ನೇ ಕೊಡಿಸಿ, ತಾಳ್ಮೆಯಿರುವ ಒಬ್ಬಿಬ್ಬರನ್ನು ಡಿಆರ್‌ಇಗೆ ಕಳಿಸಿ.